ಉರಿ ಹತ್ತದ ನಾರು

ಸೂರತ್ತಿನಲ್ಲಿ ನೌಕರಿ ಮಾಡಿ ಬಂದವರ ಮನೆಗೆ ಹೋದರೆ ಸೀರೆ ತೋರಿಸುತ್ತಾರೆ. ನಮ್ಮ ಮನೆಗೆ ಬಂದರೆ ನಾನು ತೋರಿಸಬಹುದಾದದ್ದು ಹನ್ನೊಂದು ಬೆನ್ನು ತಿಕ್ಕುವ ಸಾಮಾನು. ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿವೆ. ಗುಲಾಬಿ ನೈಲಾನ್ ಉಂಡೆಗಳು ಮೂರು, ಉದ್ದ ಹಿಡಿಕೆಯ ಬ್ರಶ್ಶುಗಳು ನಾಲ್ಕು, ಎರಡೂ ತುದಿಗೆ ಹಿಡಿಕೆಯಿರುವ ಸೆಣಬಿನ ಪಟ್ಟಿ ಒಂದು, ತೂತು ತೂತಿನ ಕಲ್ಲು ಒಂದು, ಇನ್ನೆರಡರ ಕಥೆ ಮುಂದೆ ಬರುತ್ತದೆ. ಒಬ್ಬ ಮನುಷ್ಯನಿಗೆ ಇರುವುದು ಒಂದೇ ಬೆನ್ನು, ಹನ್ನೊಂದು ಯಾಕೆ ಎಂದು ನೀವು ಕೇಳುವುದಿಲ್ಲ, ಸಭ್ಯರು. ಕೇಳದಿದ್ದರೂ ಹೇಳುತ್ತೇನೆ.

ರಾಣೇಬೆನ್ನೂರಿನ ನಮ್ಮ ಮನೆಯಲ್ಲಿ ಸ್ನಾನಕ್ಕೆ ಒಂದೇ ಒಂದು ಕಾನೂನಿತ್ತು. ಬಳ್ಳಿಯಲ್ಲೇ ಬಲಿತು ಒಣಗಿದ ಹೀರೇಕಾಯಿಯ ನಾರನ್ನು ಬಚ್ಚಲ ಗೂಟಕ್ಕೆ ನೇತುಹಾಕಿರುತ್ತಿದ್ದರು. ಅವ್ವ ಅದನ್ನು ಬಿಸಿನೀರಲ್ಲಿ ಅದ್ದಿ ನಮ್ಮ ಬೆನ್ನಿನ ಮೇಲೆ ಎಳೆಯುತ್ತಿದ್ದಳು. ನಾವು ಅಯ್ಯಯ್ಯೋ ಎಂದು ಕುಣಿದರೆ ಅವಳ ಉತ್ತರ ಸಿದ್ಧ: "ಉರಿ ಹತ್ತಲಿಲ್ಲಂದ್ರ ಹೊಲಸು ಹೋಗಿಲ್ಲಂತ ತಿಳಿ." ಈ ಮಾತು ನನ್ನ ಚರ್ಮದೊಳಗೆ ಇಳಿದುಬಿಟ್ಟಿತು. ಸೋಪು ಎಷ್ಟೇ ಘಮಘಮಿಸಲಿ, ಬೆನ್ನು ಉರಿಯದಿದ್ದರೆ ನನಗೆ ಸ್ನಾನವಾದಂತೆ ಅನ್ನಿಸುವುದಿಲ್ಲ. ಮದುವೆಯಾದ ಮೇಲೆ ಈ ಇಲಾಖೆ ಹೆಂಡತಿ ಗಿರಿಜೆಗೆ ವರ್ಗವಾಯಿತು. ಭಾನುವಾರಕ್ಕೊಮ್ಮೆ ಅವಳು ನಾರು ಹಿಡಿದು ಬಂದರೆ ವಾರದ ಸಿಟ್ಟನ್ನೆಲ್ಲ ನನ್ನ ಬೆನ್ನಿನ ಮೇಲೆ ತೀರಿಸಿಕೊಳ್ಳುತ್ತಾಳೆಂಬ ಗುಮಾನಿ ನನಗಿತ್ತು. ಆದರೂ ಸುಖವಾಗಿತ್ತು ಬಿಡಿ.

ಎರಡು ಸಾವಿರದ ಮೂರರ ಮಳೆಗಾಲದ ಹೊತ್ತಿಗೆ ನನ್ನ ವಿಮಾ ಕಂಪನಿ ನನ್ನನ್ನು ಸೂರತ್ತಿಗೆ ಎತ್ತಿ ಹಾಕಿತು. ಗಿರಿಜೆ ಶಾಲಾ ಶಿಕ್ಷಕಿ, ಮಗಳು ಎಸ್ಸೆಸ್ಸೆಲ್ಸಿ, ಇಬ್ಬರೂ ಏಪ್ರಿಲ್‌ವರೆಗೆ ಅಲ್ಲಾಡುವಂತಿಲ್ಲ. ನಾನು ವರಾಛಾದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಎರಡು ಕೋಣೆ ಹಿಡಿದೆ. ಸುತ್ತ ವಜ್ರ ಉಜ್ಜುವ ಕಾರ್ಖಾನೆಗಳು. ಬೆಳಗಿನಿಂದ ಸಂಜೆವರೆಗೆ ಕಲ್ಲು ಉಜ್ಜುವ ಚಕ್ರಗಳ ಸಣ್ಣ ಗುಂಯ್‌ಗುಡುವಿಕೆ ಗೋಡೆಗಳಲ್ಲಿ ಓಡಾಡುತ್ತಿತ್ತು. ಇಡೀ ಊರೇ ಏನನ್ನೋ ಉಜ್ಜುತ್ತಿರುವಾಗ ನನ್ನ ಬೆನ್ನನ್ನು ಮಾತ್ರ ಉಜ್ಜುವವರಿರಲಿಲ್ಲ.

ಒಂಟಿಯಾದ ಮೇಲೆಯೇ ನನಗೆ ಬೆನ್ನಿನ ಬಗ್ಗೆ ಜ್ಞಾನೋದಯವಾದದ್ದು. ನಮ್ಮ ಜೊತೆ ಹುಟ್ಟಿ ನಮ್ಮ ಜೊತೆಯೇ ಸುಡುಗಾಡಿಗೆ ಬರುವ ಈ ಅಂಗವನ್ನು ನಾವು ಒಮ್ಮೆಯೂ ನೇರವಾಗಿ ನೋಡುವುದಿಲ್ಲ. ಅದನ್ನು ತಟ್ಟುವವರು ಬೇರೆಯವರು, ಅದರ ಹಿಂದೆ ಆಡಿಕೊಳ್ಳುವವರು ಬೇರೆಯವರು, ಚೂರಿ ಹಾಕುವವರಂತೂ ಬೇರೆಯವರೇ. ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಹೇಳಿದ್ದು ಪರರ ತಪ್ಪು ಹುಡುಕುವವರಿಗೆ. ನಾನು ಅದನ್ನು ಬಚ್ಚಲಲ್ಲಿ ಅಂಗಿ ಕಳೆದು ಅನುಭವಿಸಿದೆ. ಬಲಗೈಯನ್ನು ಹೆಗಲ ಮೇಲಿಂದ ಇಳಿಸಿದೆ, ಎಡಗೈಯನ್ನು ಸೊಂಟದಿಂದ ಏರಿಸಿದೆ. ಎರಡರ ನಡುವೆ ಎಡಭುಜದ ಮೂಳೆಯ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಯಾರ ಕೈಗೂ ಸಿಗದೆ ಉಳಿಯಿತು.

ಆ ನಾಲ್ಕು ಬೆರಳಿಗಾಗಿಯೇ ನಾನು ಬಜಾರಕ್ಕಿಳಿದೆ. ಸೂರತ್ತಿನ ಚೌಟಾ ಬಜಾರದಲ್ಲಿ ನೈಲಾನ್ ಉಂಡೆ ಕೊಂಡೆ. ಹೆಂಗಸರ ಬಳೆ, ರಿಬ್ಬನ್ನುಗಳ ನಡುವೆ ನಿಂತು ಐವತ್ತರ ಹತ್ತಿರದ ಗಂಡಸೊಬ್ಬ ಗುಲಾಬಿ ಉಂಡೆಯನ್ನು ಕೆನ್ನೆಗೆ ಉಜ್ಜಿ ನೋಡುವುದನ್ನು ಆ ಬಜಾರ ಅದಕ್ಕೆ ಮುಂಚೆ ನೋಡಿರಲಿಕ್ಕಿಲ್ಲ. ಮನೆಗೆ ತಂದು, ಕೋಲಿನ ತುದಿಗೆ ಕಟ್ಟಿ ತಿಕ್ಕಿದೆ. ಎಲ್ಲ ಕಡೆ ಅಷ್ಟಿಷ್ಟು ಉರಿಯಿತು, ಆ ಜಾಗದಲ್ಲಿ ಮಾತ್ರ ಇಲ್ಲ. ಉಂಡೆ ಮೆತ್ತಗಿದೆ ಅಂದುಕೊಂಡೆ. ಕಂಪನಿಯ ತಪಾಸಣೆಗೆಂದು ವಡೋದರಾಕ್ಕೆ ಹೋದಾಗ ಮಂಗಲ್ ಬಜಾರಿನಲ್ಲಿ ಉದ್ದ ಹಿಡಿಕೆಯ ಬ್ರಶ್ಶು ಸಿಕ್ಕಿತು. ಉರಿ ಸಾಲದು ಎಂದು ಮುಂದಿನ ತಿಂಗಳು ಅದೇ ಅಂಗಡಿಗೆ ಹೋಗಿ ಇನ್ನೂ ಬಿರುಸಾದದ್ದು ಕೇಳಿದೆ. ಮೂರನೆಯ ಸಲ ಹೋದಾಗ ಅಂಗಡಿಯವನು ಕೈಮುಗಿದ. "ಸಾಹೇಬ್, ಇಸ್‌ಸೇ ಕಡಕ್ ತೋ ಘೋಡೇ ಕಾ ಆತಾ ಹೈ." ಇದಕ್ಕಿಂತ ಗಟ್ಟಿಯಾದದ್ದು ಕುದುರೆಗೆ ಬರುತ್ತದಂತೆ. ನಾನು ನಾಚಿಕೆಯಿಲ್ಲದೆ ಅದೆಲ್ಲಿ ಸಿಗುತ್ತದೆಂದು ವಿಚಾರಿಸಿದೆ.

ಅಹಮದಾಬಾದಿನ ತೀನ್ ದರ್ವಾಜಾದ ಬಳಿ ಅತ್ತರು ಮಾರುವ ಮುದುಕನೊಬ್ಬ ಡಬ್ಬಿಯಿಂದ ಹಳದಿ ಬಣ್ಣದ, ತೂತುಗಳೇ ತುಂಬಿದ ಮುದ್ದೆಯೊಂದನ್ನು ತೆಗೆದು ನನ್ನ ಅಂಗೈ ಮೇಲಿಟ್ಟ. ಸಮುದ್ರದ ಅಸಲಿ ಸ್ಪಂಜು. "ಯೇ ಕಭೀ ಜಾನ್‌ವರ್ ಥಾ," ಎಂದ, ಬಹಳ ಸಲುಗೆಯಿಂದ. ಒಂದು ಕಾಲಕ್ಕೆ ಇದು ಜೀವವಿದ್ದ ಪ್ರಾಣಿಯಾಗಿತ್ತು, ಈಗ ಉಳಿದಿರುವುದು ಅದರ ಅಸ್ಥಿಪಂಜರ. ಆ ಸಂಜೆ ಸೂರತ್ತಿಗೆ ರೈಲಿನಲ್ಲಿ ಬರುವಾಗ ಅದು ನನ್ನ ಚೀಲದಲ್ಲಿತ್ತು, ನಾನು ಚೀಲವನ್ನು ತೊಡೆಯ ಮೇಲಿಂದ ಇಳಿಸಿ ಪಕ್ಕಕ್ಕಿಟ್ಟೆ. ಯೋಚಿಸಿದಷ್ಟೂ ಮೈ ಜುಮ್ಮೆನ್ನತೊಡಗಿತು. ಸ್ಪಂಜು ಸತ್ತ ಪ್ರಾಣಿ. ಹೀರೇಕಾಯಿ ನಾರು ಸತ್ತ ತರಕಾರಿಯ ಎಲುಬು. ತೂತಿನ ಕಲ್ಲು ಎಂದೋ ಉಕ್ಕಿ ಆರಿಹೋದ ಬೆಂಕಿಬೆಟ್ಟದ ನೊರೆ. ನೈಲಾನಾದರೂ ಶುದ್ಧವೇ ಎಂದರೆ, ಅತ್ತ ಹಜೀರಾದ ಕಾರ್ಖಾನೆಗಳಲ್ಲಿ ಕುದಿಯುವ ಎಣ್ಣೆ ಭೂಮಿಯೊಳಗೆ ಯುಗಗಟ್ಟಲೆ ಕೊಳೆತ ಜೀವಗಳದ್ದೇ ರಸ. ಬದುಕಿರುವವರು ಮೈ ತೊಳೆದುಕೊಳ್ಳಲು ಸತ್ತವರೇ ಬೇಕೇನಪ್ಪಾ ಅನ್ನಿಸಿತು. ಹಾಗಂತ ಸ್ಪಂಜನ್ನು ಎಸೆಯಲಿಲ್ಲ, ಮರುದಿನ ಬೆಳಿಗ್ಗೆಯೇ ಅದರಿಂದ ಬೆನ್ನು ತಿಕ್ಕಿದೆ. ಅದೂ ಆ ಜಾಗದಲ್ಲಿ ಸೋತಿತು.

ಇಷ್ಟರವರೆಗೆ ನಗಬಹುದಿತ್ತು. ದೀಪಾವಳಿ ಕಳೆದ ಮೇಲಿನ ಒಂದು ಬೆಳಿಗ್ಗೆ ನನ್ನ ನಗು ನಿಂತಿತು. ಕುದುರೆಯ ಬ್ರಶ್ಶಿಗೆ ಹತ್ತಿರವಾದ ಒಂದನ್ನು ಹಿಡಿದು ತಿಕ್ಕುತ್ತಿದ್ದೆ. ಬಲಕ್ಕೆ ಉರಿ, ಬೆನ್ನುಮೂಳೆಯ ಮೇಲೆ ಉರಿ, ಎಡಕ್ಕೆ ಸರಿದೊಡನೆ ಏನೂ ಇಲ್ಲ. ಆದರೆ ಸದ್ದು ನಿಂತಿರಲಿಲ್ಲ. ಬಿರುಗೂದಲು ಚರ್ಮದ ಮೇಲೆ ಓಡುವ ಸರ್ ಸರ್ ಸದ್ದು ನನ್ನ ಹಿಂದಿನಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ಯಾರದೋ ಬೆನ್ನು ತಿಕ್ಕುವ ಸದ್ದು. ನನ್ನ ಕೈ ತಿಕ್ಕುತ್ತಿದೆ, ಆದರೆ ತಿಕ್ಕಿಸಿಕೊಳ್ಳುತ್ತಿರುವವನು ನಾನಲ್ಲ. ಬ್ರಶ್ಶಿಗೂ ನನಗೂ ನಡುವೆ ಇನ್ನೊಬ್ಬ ಬೆನ್ನೊಡ್ಡಿ ಕೂತಿದ್ದಾನೆ ಎಂಬ ಭಾವನೆ ಎಷ್ಟು ಗಟ್ಟಿಯಾಗಿ ಬಂತೆಂದರೆ ತಟ್ಟನೆ ತಿರುಗಿ ನೋಡಿದೆ. ನಾಲ್ಕಡಿ ಬಚ್ಚಲು, ಒಂದು ಬಕೆಟ್ಟು, ಗೂಟದ ಮೇಲೆ ನನ್ನ ಪಂಚೆ. ಬಿಸಿಲು ಕಿಟಕಿಯಿಂದ ನೇರ ಒಳಗೆ ಬಿದ್ದಿತ್ತು. ದೆವ್ವಗಳಿಗೂ ಒಂದು ವೇಳೆ ಅಂತಿರುತ್ತದಲ್ಲ, ಬೆಳಗಿನ ಎಂಟೂವರೆಗೆ ಬಂದರೆ ಏನು ಹೇಳುವುದು!

ಅಂದಿನಿಂದ ಬಚ್ಚಲ ಬಾಗಿಲು ತೆರೆದಿಟ್ಟೇ ಸ್ನಾನ ಮಾಡತೊಡಗಿದೆ. ಹೆದರಿಕೆಯಿಂದಲ್ಲ, ಗಾಳಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ.

ಆಮೇಲೆ ನೀರು ಕೆಂಪಾಯಿತು. ಗುಲಾಬಿ ಉಂಡೆಯಿಂದ ತಿಕ್ಕಿದ ದಿನ ಕಾಲಡಿಯ ನೊರೆಯಲ್ಲಿ ತೆಳ್ಳಗೆ ಕೆಂಪು ಹರಿಯಿತು. ನನಗೆ ಸಿಟ್ಟು ಬಂತೇ ಹೊರತು ಭಯವಾಗಲಿಲ್ಲ. ಬಣ್ಣ ಬಿಡುವ ಮಾಲು! ನಾನು ಬೆಂಕಿ ಬಿದ್ದ ಗೋದಾಮುಗಳಿಗೆ ಹೋಗಿ ನಷ್ಟ ಅಂದಾಜು ಮಾಡುವವನು. ಊರ ಹೊರಗೆ ಸಚಿನ್ ಎಂಬಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳನ್ನು ಎಷ್ಟೋ ನೋಡಿದ್ದೆ. ಬಣ್ಣದ ನೀರು ನೆಲದ ಮೇಲೆ ಹೇಗೆ ಹರಿಯುತ್ತದೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಉಂಡೆ ಬಿಟ್ಟು ಬ್ರಶ್ಶು ಹಿಡಿದೆ. ಅದರ ಬಿಳಿ ಕೂದಲ ತುದಿಯೂ ಎರಡು ದಿನದಲ್ಲಿ ಕೆಂಪಗಾಯಿತು. ಹಿಡಿಕೆಯ ಪಾಲಿಶ್ ಬಿಡುತ್ತಿದೆ ಎಂದು ತೀರ್ಮಾನಿಸಿದೆ. ಪರರ ಸುಟ್ಟ ಗೋದಾಮಿಗೆ ಕಾರಣ ಹುಡುಕುವ ಜಾಣನಿಗೆ ತನ್ನ ಬಕೆಟ್ಟಿನ ನೀರಿಗೆ ಎಂಥೆಂಥ ಕಾರಣಗಳು ಹೊಳೆದವು ನೋಡಿ.

ಇನ್ನು ಬಣ್ಣವಿಲ್ಲದ, ಪಾಲಿಶ್ಶಿಲ್ಲದ ನಾರೇ ಆಗಬೇಕು ಎಂದು ನಮ್ಮ ಬೀದಿಗೆ ತರಕಾರಿ ಗಾಡಿ ತರುವ ಜಶುಬೆನ್ನಳನ್ನು ಹಿಡಿದೆ. ಅವಳ ಗಾಡಿಯಲ್ಲಿ ಗಲ್ಕಾ ಎಂಬ ಕಾಯಿ ಇರುತ್ತದೆ, ನಮ್ಮ ತುಪ್ಪದ ಹೀರೇಕಾಯಿಯೇ. ನಾನು ಎಳೆಯದು ಬೇಡ, ಬಲಿತು ಒಣಗಿ ಸತ್ತದ್ದು ಕೊಡು ಎಂದೆ. ಅವಳು ಪಕ್ಕದ ಗಿರಾಕಿಯ ಮುಖ ನೋಡಿ ನಕ್ಕಳು. "ಅರೇ ಸಾಹೇಬ್, ಸೂಖಾ ಕೌನ್ ಖಾಯೇಗಾ?" ಒಣಗಿದ್ದನ್ನು ಯಾರು ತಿನ್ನುತ್ತಾರೆ! ತಿನ್ನಲಿಕ್ಕಲ್ಲ, ಬೆನ್ನಿಗೆ ಎಂದು ಅಭಿನಯಿಸಿ ತೋರಿಸಿದೆ. ಎರಡು ದಿನ ಬಿಟ್ಟು ತನ್ನ ಮನೆಯ ಸೂರಿನ ಮೇಲೆ ಬೀಜಕ್ಕೆಂದು ಬಿಟ್ಟಿದ್ದ ಕಾಯಿಯೊಂದನ್ನು ಬೀಜ ಉದುರಿಸಿಕೊಂಡು ತಂದುಕೊಟ್ಟಳು. ಅದನ್ನು ಮೂಸಿದರೆ ನಮ್ಮ ಊರ ಬಚ್ಚಲ ವಾಸನೆ. ನನಗೆ ಅಳುವೇ ಬಂದಿತ್ತು.

ಆ ಭಾನುವಾರ ಎರಡು ಬಕೆಟ್ಟು ಬಿಸಿನೀರು ಕಾಯಿಸಿ, ಹಗ್ಗ ಕಟ್ಟಿದ ನಾರಿನಿಂದ ತೃಪ್ತಿಯಾಗುವಷ್ಟು ತಿಕ್ಕಿದೆ. ಬೆನ್ನೆಲ್ಲ ಬೆಂಕಿ. ನಡುವೆ ಆ ನಾಲ್ಕು ಬೆರಳಿನ ಜಾಗ ಮಾತ್ರ ಇಲ್ಲ. ನೋವಿಲ್ಲ ಎಂದಲ್ಲ, ಜಾಗವೇ ಇಲ್ಲ. ನಾರನ್ನು ಮುಂದಕ್ಕೆಳೆದು ನೋಡಿದೆ. ಬಿಳಿ ಎಳೆಗಳ ಸಂದಿಯಲ್ಲೆಲ್ಲ ಕೆಂಪು ಇಂಗಿ ಕೂತಿತ್ತು. ಇದಕ್ಕೆ ಬಣ್ಣ ಹಾಕಿದವರಾರು? ಜಶುಬೆನ್ನಳ ಸೂರಿನ ಮೇಲೆ ಬಣ್ಣದ ಕಾರ್ಖಾನೆಯಿರಲಿಲ್ಲ. ಬಕೆಟ್ಟಿನ ಪಕ್ಕದಲ್ಲೇ ಕುಸಿದು ಕೂತೆ. ಭಾನುವಾರವಾದ್ದರಿಂದ ಹೊರಗೆ ಚಕ್ರಗಳೂ ನಿಂತಿದ್ದವು.

ಎದುರು ಮನೆಯ ಮನ್ಸುಖ್‌ಭಾಯ್ ವಜ್ರದ ಕಸುಬಿನವರು. ಅಮ್ರೇಲಿ ಕಡೆಯಿಂದ ಬಂದು ಇಪ್ಪತ್ತು ವರ್ಷ ಕಲ್ಲು ನೋಡಿದ ಕಣ್ಣು. ರಜೆಯ ದಿನವೂ ಅಂಗಿ ಜೇಬಿನಲ್ಲಿ ಅವರ ಭೂತಗನ್ನಡಿ ಇರುತ್ತಿತ್ತು, ಅದನ್ನು ಅವರು ಐಗ್ಲಾಸ್ ಎನ್ನುತ್ತಿದ್ದರು. ನಾನು ಒದ್ದೆ ಪಂಚೆಯಲ್ಲೇ ನಾರು ಹಿಡಿದು ಅವರ ಬಾಗಿಲು ತಟ್ಟಿದೆ. ಇದು ಯಾವ ಬಣ್ಣ, ಸ್ವಲ್ಪ ನೋಡಿ ಹೇಳಿ ಎಂದೆ. ಅವರು ಐಗ್ಲಾಸನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕಿಟಕಿಯ ಬೆಳಕಿಗೆ ಒಂದು ಎಳೆ ಹಿಡಿದು ಬಹಳ ಹೊತ್ತು ನೋಡಿದರು. ಅನಂತರ ನನ್ನ ಮುಖ ನೋಡಿದರು.

"ಯೇ ರಂಗ್ ನಹೀಂ, ಭಾಯ್. ಖೂನ್ ಹೈ. ಘೂಮೋ."

ಬಣ್ಣವಲ್ಲವಂತೆ, ರಕ್ತವಂತೆ. ತಿರುಗಿ ನಿಂತೆ. ಬೆನ್ನ ಹಿಂದೆ ಅವರ ಉಸಿರು ಬಿಸಿಯಾಗಿ ತಾಗುತ್ತಿತ್ತು. ಇಷ್ಟು ಹತ್ತಿರದಿಂದ ನನ್ನ ಬೆನ್ನನ್ನು ಹೆಂಡತಿಯೂ ನೋಡಿರಲಿಲ್ಲ. ವಜ್ರ ಹಿಡಿಯುವ ಚಿಮುಟದ ಸಣ್ಣ ಟಿಕ್ ಎಂಬ ಸದ್ದಾಯಿತು.

"ದುಖ್‌ತಾ ಹೈ?" ಎಂದು ಕೇಳಿದರು. ನೋಯುತ್ತಿದೆಯೇ?

"ಏನು?" ಎಂದೆ. ಗಾಬರಿಯಲ್ಲಿ ಕನ್ನಡವೇ ಬಂದುಬಿಟ್ಟಿತ್ತು.

ಅವರಿಗೆ ಅರ್ಥವಾಯಿತು. "ಮೈಂನೇ ಚಮ್ಡೀ ಪಕಡ್ ರಖೀ ಹೈ," ಎಂದರು ಮೆತ್ತಗೆ. ಚಿಮುಟದಲ್ಲಿ ನನ್ನ ಚರ್ಮವನ್ನು ಹಿಡಿದುಕೊಂಡೇ ಇದ್ದರು, ನನಗೆ ಗೊತ್ತೇ ಆಗಿರಲಿಲ್ಲ. ಮನ್ಸುಖ್‌ಭಾಯ್ ಐಗ್ಲಾಸ್ ತೆಗೆದು ಜೇಬಿಗೆ ಹಾಕಿಕೊಂಡರು. ಅಲ್ಲೊಂದು ಬಿಳಿಚಿದ ಮಚ್ಚೆಯಿದೆ, ಅದರ ಮೇಲಿನ ಚರ್ಮ ತಿಕ್ಕಿ ತಿಕ್ಕಿ ಕಿತ್ತುಹೋಗಿದೆ, ನಾಳೆ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಹೋಗು ಎಂದರು. ಯಾರ ಹತ್ತಿರವೂ ಮಾತಾಡಬೇಡಿ ಎಂದು ನಾನು ಕೇಳಿಕೊಳ್ಳುವ ಮೊದಲೇ ಬಾಗಿಲವರೆಗೆ ಬಂದು ಒಂದು ಒಣ ಟವೆಲ್ಲನ್ನು ನನ್ನ ಹೆಗಲಿಗೆ ಹೊದಿಸಿದರು.

ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿದ್ದವರು ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದಾದ ಒಬ್ಬ ಡಾಕ್ಟರು. ಕಣ್ಣು ಮುಚ್ಚಿಕೊಳ್ಳಿ, ಹತ್ತಿಯಿಂದ ಮುಟ್ಟುತ್ತೇನೆ, ಮುಟ್ಟಿದಾಗೆಲ್ಲ ಹಾಂ ಅನ್ನಿ ಎಂದರು. ಹಾಂ ಎಂದೆ. ಹಾಂ, ಹಾಂ. ಶಾಲೆಯಲ್ಲಿ ಹಾಜರಿ ಹೇಳಿದಷ್ಟು ಚುರುಕಾಗಿ ಹೇಳುತ್ತಿದ್ದೆ. ಆಮೇಲೆ ಅವರು ಸುಮ್ಮನಾದರು. ಯಾರೋ ಕರೆದರೇನೋ, ಹೊರಗೆ ಹೋದರೇನೋ ಎಂದು ಕಾದೆ. ಫ್ಯಾನು ತಿರುಗುತ್ತಿತ್ತು. ಕೊನೆಗೆ, "ಮುಗಿಯಿತಾ ಮೇಡಂ?" ಎಂದು ಕೇಳಿದೆ. ಅವರ ದನಿ ನನ್ನ ಕಿವಿಯ ಪಕ್ಕದಿಂದಲೇ ಬಂತು. "ನಾನು ಮುಟ್ಟುತ್ತಲೇ ಇದ್ದೇನೆ."

ರೋಗದ ಹೆಸರನ್ನು ಅವರು ನೆಗಡಿಯ ಹೆಸರಿನಷ್ಟು ಸಲೀಸಾಗಿ ಹೇಳಿದರು. ಕುಷ್ಠ. ಶುರುವಿನಲ್ಲೇ ಸಿಕ್ಕಿದೆ, ಒಂದೇ ಮಚ್ಚೆ, ಆರು ತಿಂಗಳು ಮಾತ್ರೆ, ಪುಕ್ಕಟೆ. ಮಾತ್ರೆ ನುಂಗತೊಡಗಿದ ಮೇಲೆ ಯಾರಿಗೂ ಅಂಟುವುದಿಲ್ಲ, ಮನೆಯವರ ಜೊತೆ ಉಂಡು ಮಲಗಿ ಎಲ್ಲ ಮಾಡಬಹುದು. ಬೆನ್ನು ತಿಕ್ಕುವುದು ಮಾತ್ರ ಬಂದ್. ತಿಂಗಳ ಮೊದಲ ಮಾತ್ರೆ ನುಂಗಿದ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಹೆದರಬೇಡಿ ಎಂದರು. ಕೆಂಪಿನ ವಿಷಯದಲ್ಲಿ ನಾನು ಅನುಭವಸ್ಥ ಎಂದು ಹೇಳಲಿಲ್ಲ. ಆ ಜಾಗದ ಸ್ಪರ್ಶ ವಾಪಸು ಬರುತ್ತದೆಯೇ ಎಂದಾಗ, ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು.

ಅವರು ಸಲೀಸಾಗಿ ಹೇಳಿದ ಹೆಸರನ್ನು ನಮ್ಮೂರಲ್ಲಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದೊಡ್ಡ ರೋಗ ಎನ್ನುತ್ತಿದ್ದರು, ಅದೂ ದನಿ ತಗ್ಗಿಸಿ. ಓದಿದವನು ನಾನು, ಡಾಕ್ಟರ ಮಾತು ಪೂರ್ತಿ ಅರ್ಥವಾಗಿತ್ತು, ಆದರೂ ಮನೆಗೆ ಬಂದು ಲೋಟವನ್ನು ಬೇರೆ ಇಟ್ಟುಕೊಂಡೆ. ಒಬ್ಬನೇ ಇರುವ ಮನೆಯಲ್ಲಿ ಯಾರಿಂದ ಬೇರೆ? ಬಚ್ಚಲಲ್ಲಿ ನನ್ನ ಹಿಂದೆ ಕೂತಿದ್ದವನು ಯಾರೆಂದು ಈಗ ತಿಳಿದಿತ್ತು. ಅವನು ದೆವ್ವವಾಗಿದ್ದರೇ ಚೆನ್ನಾಗಿತ್ತು ಅನ್ನಿಸಿತು. ದೆವ್ವದ ವಿಷಯವನ್ನು ಹೆಂಡತಿಗೆ ಹೇಳಬಹುದು.

ಗಿರಿಜೆಗೆ ಹೇಳಲಾಗಲಿಲ್ಲ. ಪ್ರತಿ ಭಾನುವಾರ ಎಸ್‌ಟಿಡಿ ಬೂತಿನ ಗಾಜಿನ ಪೆಟ್ಟಿಗೆಯೊಳಗೆ ನಿಂತು ಬಾಯಿ ತೆರೆಯುತ್ತಿದ್ದೆ, ಮಗಳ ಗಣಿತದ ಸುದ್ದಿ ಬರುತ್ತಿತ್ತು. ನನಗೆ ಸಾವಿನ ಭಯವಿರಲಿಲ್ಲ. ಕೇಳಿದ ಮೇಲೆ ಅವಳ ಕೈ ನನ್ನ ಬೆನ್ನಿಗೆ ಬರುವ ಮುನ್ನ ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುತ್ತದಲ್ಲ, ಆ ಗಳಿಗೆಯ ಭಯ. ಆ ಒಂದು ಗಳಿಗೆ ಅನುಮಾನಿಸಿದರೆ ಮುಂದೆ ಇಪ್ಪತ್ತು ವರ್ಷ ತಿಕ್ಕಿದರೂ ನನ್ನ ಪಾಲಿಗೆ ಮುಗಿದಂತೆಯೇ.

ಏಪ್ರಿಲ್‌ನಲ್ಲಿ ತಾಯಿ ಮಗಳು ಬಂದರು. ಮೊದಲ ಭಾನುವಾರ ಬೆಳಿಗ್ಗೆ ಮಗಳು ಮನ್ಸುಖ್‌ಭಾಯ್ ಮನೆಯವರ ಜೊತೆ ಟೆರೇಸಿಗೆ ಹೋಗಿದ್ದಳು. ಎಷ್ಟೋ ತಿಂಗಳ ಮೇಲೆ ನಾನು ಬಚ್ಚಲ ಬಾಗಿಲಿಗೆ ಚಿಲಕ ಹಾಕಿದೆ. ಹೊರಗಿನಿಂದ ತಟ್ಟಿದ ಸದ್ದು.

"ಬಾಗ್ಲಾ ತಗೀರಿ. ಊರಿಂದ ನಾರು ತಂದೀನಿ, ಬೆನ್ನು ತಿಕ್ತೀನಿ."

"ಬ್ಯಾಡ. ನನ್ನ ಹತ್ರ ಬ್ರಶ್ ಅದಾವು."

"ಹನ್ನೊಂದ್ ಅದಾವು, ನೋಡೀನಿ. ಒಂದೂ ಹಸಿ ಇಲ್ಲ. ಮೈತುಂಬ ಧೂಳು ಹಿಡದು ಕುಂತಾವು. ಏನಾಗೇತಿ, ನನ್ ಮುಂದ ಹೇಳ್ರಲಾ?"

ಬಾಗಿಲಿಗೆ ಹೇಳಿದೆ. ಎದುರಿಗೆ ಮುಖವಿಲ್ಲದ್ದರಿಂದ ಹೇಳಲಾಯಿತು. ಮಚ್ಚೆ, ರಕ್ತ, ಹೆಸರು, ಮಾತ್ರೆ ಎಲ್ಲ. ನಲ್ಲಿಯ ಹನಿ ಬಕೆಟ್ಟಿಗೆ ಬೀಳುತ್ತಿತ್ತು. ಆಮೇಲೆ ಹೆಜ್ಜೆ ಸಪ್ಪಳ, ದೂರ ಹೋದದ್ದು. ಮಣೆಯ ಮೇಲೆ ಕೂತಿದ್ದವನು ಮುಖ ಮುಚ್ಚಿಕೊಂಡೆ. ಆಗಿಹೋಯಿತು ಅಂದುಕೊಂಡೆ. ಸಪ್ಪಳ ತಿರುಗಿ ಬಂತು.

"ನಾರು ಒಳಗಿಟ್ಟು ಬಂದೆ. ಬರೇ ಕೈಲೆ ತಿಕ್ತೀನಿ. ತಗೀರಿ ಅಂದ್ನಿ, ನೀರು ಆರಾಕತ್ತೈತಿ."

ತೆಗೆದು, ತಿರುಗಿ ಕೂತೆ. ಅವಳ ಕೈ ಬಲಭುಜದಿಂದ ಶುರುವಾಯಿತು. ಎಣ್ಣೆ ಹಚ್ಚಿದ ಅಂಗೈ, ಬೆರಳ ಗಂಟುಗಳು, ಸೀಮೆಸುಣ್ಣ ಹಿಡಿದು ಒರಟಾದ ಹೆಬ್ಬೆರಳು ಎಲ್ಲವೂ ಗೊತ್ತಾಗುತ್ತಿತ್ತು. ಬೆನ್ನುಮೂಳೆ ದಾಟಿತು, ಎಡಕ್ಕೆ ಸರಿಯಿತು, ಅಲ್ಲಿಗೆ ಇಲ್ಲವಾಯಿತು. ಆಚೆ ದಡದಲ್ಲಿ ಏಳುತ್ತದೆಂದು ಕಾದೆ. ಏಳಲಿಲ್ಲ. ಕೈ ತೆಗೆದುಬಿಟ್ಟಳು, ಅಷ್ಟೇ ಅವಳಿಂದಾದದ್ದು, ಪಾಪ ಅವಳ ತಪ್ಪಲ್ಲ ಎಂದು ಕಣ್ಣು ಮುಚ್ಚಿ ಕೂತೆ. ಎಷ್ಟು ಹೊತ್ತಾಯಿತೋ. ಆಗ ಗಮನಕ್ಕೆ ಬಂತು. ನನ್ನ ಬೆನ್ನ ಹಿಂದೆ ಅವಳ ಬಳೆಗಳು ಸದ್ದು ಮಾಡುತ್ತಿದ್ದವು. ಮೆಲ್ಲಗೆ, ಒಂದೇ ಲಯದಲ್ಲಿ, ಸುತ್ತಿ ಸುತ್ತಿ, ನಿಲ್ಲದೆ.

"ಗೊತ್ತಾಗ್ತೈತೇನ್ರಿ?" ಎಂದಳು.

"ಹ್ಞೂಂ," ಎಂದೆ. ಸುಳ್ಳೇನಲ್ಲ. ಬೆನ್ನಿಗೆ ಗೊತ್ತಾಗಬೇಕಾದದ್ದು ಕಿವಿಗೆ ಗೊತ್ತಾಯಿತು, ಅಷ್ಟೇ.